‘ರೆಡಿ ಟು ಪ್ಲೇ’ ಅಂತ ಬರೆದಿದ್ದರೆ ತಕ್ಷಣ ದುಡ್ಡು ಕೊಡಬೇಡಿ

ವರ್ಷದ ಕೊನೆಯ ಸೇಲ್ ಹತ್ತಿರ ಬಂತು ಅಂದರೆ ನಮ್ಮ ಆಟದ ಗ್ರೂಪುಗಳಲ್ಲಿ ಒಂದೇ ಮಾತು. ‘ಈ ಬಂಡಲ್ ತಗೊಳ್ಳಲಾ? ಅರ್ಧ ರೇಟಿಗೆ ಸಿಗ್ತಿದೆ.’ ತಗೊಳ್ಳುವ ಮುಂಚೆ ಇದನ್ನು ಓದಿ. ಆನ್‌ಲೈನ್‌ನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುವವರಿಗೆ ಅಂತ ಮಾರುವ ಒಂದು ರೆಡಿಮೇಡ್ ಡಿಜಿಟಲ್ ಅಡ್ವೆಂಚರ್, ಅಂದರೆ ಆಡಿಸಲು ಸಿದ್ಧಮಾಡಿದ ಕಥೆ, ಕೊಂಡೆ. ಪುಟದಲ್ಲಿ ‘ರೆಡಿ ಟು ಪ್ಲೇ’ ಅಂತ ದೊಡ್ಡ ಅಕ್ಷರದಲ್ಲಿತ್ತು. ಬಂದದ್ದು ಒಂದು ಮೂಟೆ ಚಿತ್ರ.

ಮಾರಿದವರ ಹೆಸರು ಹಾಕುತ್ತಿಲ್ಲ. ಇದೇ ರೀತಿ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಒಬ್ಬರ ಹೆಸರು ಹೇಳಿದರೆ ಉಳಿದವರೆಲ್ಲ ಸಾಚಾ ಅಂದುಕೊಳ್ಳುತ್ತೀರಿ.

ಈ ಆಟ ಗೊತ್ತಿಲ್ಲದವರಿಗೆ ಎರಡೇ ಮಾತು. ಒಬ್ಬರು ಕಥೆ ನಡೆಸುತ್ತಾರೆ, ಅವರೇ ಡಿಎಂ, ಅಂದರೆ ಡಂಜನ್ ಮಾಸ್ಟರ್. ಉಳಿದವರು ಒಂದೊಂದು ಪಾತ್ರ ಹಿಡಿದು ಡೈಸ್ ಉರುಳಿಸುತ್ತಾ ಆಡುತ್ತಾರೆ. ಟೇಬಲ್ ಸುತ್ತ ಕೂತು ಆಡುವುದನ್ನೇ ಆನ್‌ಲೈನ್‌ನಲ್ಲಿ ಆಡಲು ವರ್ಚುವಲ್ ಟೇಬಲ್‌ಟಾಪ್ ತಾಣಗಳಿವೆ. ಫ್ಯಾಂಟಸಿ ಗ್ರೌಂಡ್ಸ್ 2004ರಿಂದ ಇದೆ, ರೋಲ್20 2012ರಲ್ಲಿ ಬಂತು, ಫೌಂಡ್ರಿ 2020ರಲ್ಲಿ. ಬೆಂಗಳೂರಿನಲ್ಲಿ ಇವು ಇಲ್ಲದಿದ್ದರೆ ನಮ್ಮ ಆಟ ಎಂದೋ ನಿಂತಿರುತ್ತಿತ್ತು. ನಮ್ಮಲ್ಲಿ ಒಬ್ಬ ಕೆಂಗೇರಿ, ಒಬ್ಬಳು ವೈಟ್‌ಫೀಲ್ಡ್, ಇಬ್ಬರು ಯಲಹಂಕ ಕಡೆಯವರು. ಪರ್ಪಲ್ ಲೈನ್ ಮೆಟ್ರೋ ಆ ತುದಿಯಿಂದ ಈ ತುದಿಗೆ ಬಂದಿದೆ ನಿಜ. ಆದರೆ ಡ್ರ್ಯಾಗನ್ ಸಾಯುವ ಹೊತ್ತಿಗೆ ಕೊನೆಯ ರೈಲು ಹೋಗಿರುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಮಾರಾಟದ ಪುಟದಲ್ಲಿ ಏನು ಹೇಳಿದ್ದರು ಅಂದರೆ, ಇಡೀ ಕ್ಯಾಂಪೇನ್‌ಗೆ (ಅನೇಕ ಸಲ ಕೂತು ಆಡುವ ಉದ್ದ ಕಥೆಗೆ) ಬೇಕಾದ ಮ್ಯಾಪ್, ಮ್ಯಾಪಿನ ಮೇಲೆ ಪಾತ್ರಗಳನ್ನು ತೋರಿಸುವ ಟೋಕನ್, ಆಟಗಾರರಿಗೆ ಕೊಡುವ ಹ್ಯಾಂಡ್‌ಔಟ್, ಕಥೆ ಎಲ್ಲ ಇದೆ, ತೆರೆದು ಆಡುವುದಷ್ಟೇ ಬಾಕಿ ಅಂತ. ಬೆಲೆ 30 ಡಾಲರ್. ಡಾಲರ್‌ಗೆ 85 ರೂಪಾಯಿ ಹಿಡಿದರೆ 2,550. ಅದರ ಮೇಲೆ 18% ಜಿಎಸ್‌ಟಿ ಸೇರಿಸಿದರು. ಕಾರ್ಡ್ ಕೊಟ್ಟ ಬ್ಯಾಂಕು ವಿದೇಶಿ ವ್ಯವಹಾರ ಅಂತ 3.5% ತೆಗೆದುಕೊಂಡಿತು, ಆ ಶುಲ್ಕಕ್ಕೂ ಮತ್ತೆ ಜಿಎಸ್‌ಟಿ. ಸ್ಟೇಟ್‌ಮೆಂಟ್ ನೋಡಿದಾಗ 3,100 ದಾಟಿತ್ತು. ಸೇಲ್ ಬೆಲೆ ನೋಡಿ ಖುಷಿಪಡುವವರು ಈ ಲೆಕ್ಕ ಮೊದಲೇ ಹಾಕಿಕೊಳ್ಳಿ.

ತೆರೆದು ನೋಡಿದರೆ ಮ್ಯಾಪ್‌ಗಳು ಚೆನ್ನಾಗಿದ್ದವು. ಅದನ್ನು ಒಪ್ಪಲೇಬೇಕು. ಆದರೆ ಗ್ರಿಡ್, ಅಂದರೆ ಟೋಕನ್ ನಡೆಸುವ ಚೌಕಗಳು, ಕೂಡಿರಲಿಲ್ಲ. ರೋಲ್20ಯಲ್ಲಿ ಒಂದು ಚೌಕ ಅಂದರೆ ಸಾಮಾನ್ಯವಾಗಿ 70 ಪಿಕ್ಸೆಲ್, ಫೌಂಡ್ರಿಯಲ್ಲಿ 100. ಇವರು ಕಳಿಸಿದ್ದು ಎರಡಕ್ಕೂ ಹೊಂದದ ಅಳತೆ, ಅದೂ ಮ್ಯಾಪಿನಿಂದ ಮ್ಯಾಪಿಗೆ ಬೇರೆ ಬೇರೆ. ಚಿತ್ರದಲ್ಲಿ ಬರೆದ ಗೆರೆ ಒಂದು ಕಡೆ, ತಾಣದ ಗೆರೆ ಇನ್ನೊಂದು ಕಡೆ. ಟೋಕನ್ ಬಾಗಿಲಲ್ಲಿ ನಿಂತಿದೆಯೋ ಗೋಡೆಯೊಳಗೆ ನಿಂತಿದೆಯೋ ಹೇಳಲು ಆಗುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಗೋಡೆಗಳದ್ದು. ಆನ್‌ಲೈನ್ ಆಟದಲ್ಲಿ ಮ್ಯಾಪ್ ಬರೀ ಚಿತ್ರ. ಅದರಲ್ಲಿ ಕಲ್ಲಿನ ಗೋಡೆ ಬರೆದಿದ್ದರೂ ಅದು ಗೋಡೆ ಅಂತ ಕಂಪ್ಯೂಟರಿಗೆ ಗೊತ್ತಿಲ್ಲ. ಚಿತ್ರದ ಮೇಲೆ ಕಾಣದ ಗೆರೆಗಳನ್ನು ಎಳೆಯಬೇಕು, ಬಾಗಿಲು ಎಲ್ಲಿ ಅಂತ ಗುರುತು ಹಾಕಬೇಕು, ಪಂಜು ಎಷ್ಟು ದೂರ ಬೆಳಕು ಕೊಡುತ್ತದೆ ಅಂತ ತುಂಬಬೇಕು. ಆಮೇಲೇ ಆಟಗಾರನಿಗೆ ಅವನ ಪಾತ್ರಕ್ಕೆ ಕಾಣುವಷ್ಟು ಮಾತ್ರ ಕಾಣುತ್ತದೆ. ದೊಡ್ಡ ಕೋಟೆಯೊಂದಕ್ಕೆ ಇದನ್ನು ಮಾಡಲು ಸಂಜೆಯೆಲ್ಲ ಬೇಕು. ರೆಡಿಮೇಡ್‌ಗೆ ನಾವು ದುಡ್ಡು ಕೊಡುವುದೇ ಈ ಕೆಲಸ ತಪ್ಪಲಿ ಅಂತ, ಅಲ್ವಾ? ಮೊದಲ ಮ್ಯಾಪಿಗೆ ಗೋಡೆ ಹಾಕಿದ್ದರು. ಜಾಹೀರಾತಿನ ಪುಟದಲ್ಲಿ ತೋರಿಸಿದ್ದೂ ಅದೇ ಮ್ಯಾಪ್. ಎರಡನೆಯದರಿಂದ ಮುಂದೆ ಒಂದಕ್ಕೂ ಇಲ್ಲ.

ಇದು ಗೊತ್ತಾದದ್ದು ಆಟದ ಮಧ್ಯೆ. ಎಲ್ಲರನ್ನೂ ಎರಡನೇ ಮ್ಯಾಪಿಗೆ ಕರೆದುಕೊಂಡು ಹೋದೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ನಮ್ಮಲ್ಲಿ ರೋಗ್ (ಕಳ್ಳನ ಪಾತ್ರ) ಆಡುವವನು ಕೇಳಿದ, ‘ಗುರು, ಆ ಕೊನೇ ರೂಮಲ್ಲಿ ಸಿಂಹಾಸನದ ಮೇಲೆ ಕೂತಿರೋನು ಯಾರು?’ ಇಡೀ ನೆಲಮಾಳಿಗೆ ಎಲ್ಲರ ಸ್ಕ್ರೀನಿನಲ್ಲಿ ಬಿಚ್ಚಿಟ್ಟ ಹಾಗೆ ಕಾಣುತ್ತಿತ್ತು. ಗುಪ್ತ ಕೋಣೆ, ಬೋನು, ನಿಧಿ, ಕೊನೆಗೆ ಎದುರಾಗಬೇಕಿದ್ದ ಖಳನಾಯಕ. ಖಳನಾಯಕ ಯಾರು ಅನ್ನುವ ಗುಟ್ಟಿನ ಮೇಲೇ ಆ ಕಥೆ ನಿಂತಿತ್ತು. ಅವತ್ತಿನ ಆಟ ಅಲ್ಲಿಗೇ ಮುಗಿಯಿತು.

ರಾಕ್ಷಸರ ಟೋಕನ್‌ಗಳ ಕಥೆಯೂ ಇದೇ. ಚಿತ್ರ ಇದೆ, ಒಳಗೆ ಏನೂ ಇಲ್ಲ. ಎಷ್ಟು ಹಿಟ್ ಪಾಯಿಂಟ್ (ಎಷ್ಟು ಏಟು ತಡೆಯುತ್ತದೆ), ಯಾವ ಆಯುಧ, ಎಷ್ಟು ಆರ್ಮರ್ ಕ್ಲಾಸ್ (ಅದಕ್ಕೆ ಏಟು ತಗುಲಿಸುವುದು ಎಷ್ಟು ಕಷ್ಟ), ಎಲ್ಲ ಖಾಲಿ. ಟಿಪ್ಪಣಿಯಲ್ಲಿ ‘ಅಧಿಕೃತ ಪುಸ್ತಕ ನೋಡಿ’ ಅಂತ ಬರೆದಿದ್ದರು. ಇಲ್ಲಿ ಒಂದು ವಿಷಯ ತಿಳಿದಿರಲಿ. 2023ರ ಜನವರಿಯಲ್ಲಿ ಆಟದ ನಿಯಮಗಳನ್ನು ಬೇರೆಯವರು ಬಳಸುವ ಲೈಸೆನ್ಸ್ ಬದಲಾವಣೆಯ ದೊಡ್ಡ ಗಲಾಟೆಯಾದ ಮೇಲೆ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತರುವ ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಆಟದ ಮೂಲ ನಿಯಮಗಳ ಎಸ್‌ಆರ್‌ಡಿ 5.1 ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಲೈಸೆನ್ಸ್ ಅಡಿಯಲ್ಲಿ ಬಿಟ್ಟುಕೊಟ್ಟಿತು. ಅದರಲ್ಲಿ ಗೊಬ್ಲಿನ್, ಓಗರ್, ಡ್ರ್ಯಾಗನ್‌ಗಳ ಪೂರ್ತಿ ಲೆಕ್ಕ ಇದೆ. ಮೂಲ ಎಲ್ಲಿಯದು ಅಂತ ಹೇಳಿ ಯಾರು ಬೇಕಾದರೂ ತಮ್ಮ ಅಡ್ವೆಂಚರಿನಲ್ಲಿ ಹಾಕಿ ಮಾರಬಹುದು. ಬಿಹೋಲ್ಡರ್, ಮೈಂಡ್ ಫ್ಲೇಯರ್ ಅಂಥವುಗಳ ಲೆಕ್ಕ ಅದರಲ್ಲಿಲ್ಲ, ಅವನ್ನು ಅನುಮತಿಯಿಲ್ಲದೆ ಬೇರೆಯವರು ಹಾಕುವ ಹಾಗಿಲ್ಲ. ಬಿಹೋಲ್ಡರ್ ಖಾಲಿ ಬಿಟ್ಟಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ. ಇವರು ಗೊಬ್ಲಿನ್ ಖಾಲಿ ಬಿಟ್ಟಿದ್ದರು. ಅದು ಕಾನೂನಿನ ತೊಡಕಲ್ಲ, ಶುದ್ಧ ಸೋಮಾರಿತನ.

ದುಡ್ಡು ವಾಪಸ್ ಕೇಳಿದೆ. ಉತ್ತರ ಬಂತು. ಕೀ (ಕೊಂಡದ್ದನ್ನು ತೆರೆಯುವ ಕೋಡ್) ಒಮ್ಮೆ ಬಳಸಿದ ಮೇಲೆ ರೀಫಂಡ್ ಇಲ್ಲವಂತೆ. ಕೀ ಬಳಸದೆ ಒಳಗೆ ಏನಿದೆ ಅಂತ ನೋಡುವುದು ಹೇಗೆ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ನಮ್ಮ ದೇಶದ 2020ರ ಇ-ಕಾಮರ್ಸ್ ಗ್ರಾಹಕ ನಿಯಮಗಳು ಇಲ್ಲಿನ ಗ್ರಾಹಕರಿಗೆ ನಿಯಮಿತವಾಗಿ ಮಾರುವ ವಿದೇಶಿ ಕಂಪನಿಗಳಿಗೂ ಅನ್ವಯಿಸುತ್ತವೆ, ಗ್ರಾಹಕ ಸಹಾಯವಾಣಿ 1915 ಕೂಡ ಇದೆ. ಆದರೆ ಎಲ್ಲೋ ಕೂತು ಒಬ್ಬರೇ ಮ್ಯಾಪ್ ಮಾರುವವರನ್ನು ಮೂರು ಸಾವಿರಕ್ಕಾಗಿ ಬೆನ್ನು ಹತ್ತುವಷ್ಟು ಪುರುಸೊತ್ತು ಯಾರಿಗಿದೆ? ಅವರಿಗೂ ಅದು ಗೊತ್ತಿದೆ.

ಇಷ್ಟೆಲ್ಲ ಸರಿಯಿದ್ದರೂ ಒಂದು ಕೆಲಸ ತಪ್ಪುತ್ತಿರಲಿಲ್ಲ, ಅದು ಓದುವುದು. ಜಾಹೀರಾತುಗಳು ಮುಚ್ಚಿಡುವುದು ಇದನ್ನೇ. ದೊಡ್ಡ ಕ್ಯಾಂಪೇನ್ ಪುಸ್ತಕ ಅಂದರೆ ಇನ್ನೂರು ಪುಟಕ್ಕೂ ಜಾಸ್ತಿ. ಯಾರು ಯಾರಿಗೆ ದ್ರೋಹ ಮಾಡಿದ್ದಾರೆ, ಆಟಗಾರರ ತಂಡ ಆ ಊರಿಗೆ ಹೋಗದೆ ಈ ಕಾಡಿಗೆ ಹೋದರೆ ಏನು ಮಾಡಬೇಕು, ಇವೆಲ್ಲ ಡಿಎಂ ತಲೆಯಲ್ಲಿ ಇರಲೇಬೇಕು. ಶಿರಸಿ ಕಡೆಯ ಗೆಳೆಯನೊಬ್ಬ ಸರಿಯಾಗಿ ಹೇಳಿದ, ಇದು ತಾಳಮದ್ದಳೆಯ ಪ್ರಸಂಗ ಇದ್ದ ಹಾಗೆ. ಪುಸ್ತಕದಲ್ಲಿ ಪದ್ಯ ಮಾತ್ರ ಇರುತ್ತದೆ. ಅರ್ಥ ಹೇಳುವವನು ಸ್ವಂತ ಮಾತು ಕಟ್ಟಬೇಕು, ಎದುರಿನವನು ಏನು ಕೇಳುತ್ತಾನೆ ಅಂತ ಮೊದಲೇ ಗೊತ್ತಿರುವುದಿಲ್ಲ. ನಮ್ಮದಂತೂ ಕನ್ನಡದಲ್ಲಿ ನಡೆಯುವ ಆಟ. ‘ಜೋರಾಗಿ ಓದಿ’ ಅಂತ ಚೌಕಟ್ಟು ಹಾಕಿ ಕೊಡುವ ಉದ್ದುದ್ದ ಇಂಗ್ಲಿಷ್ ವರ್ಣನೆಯನ್ನು ಓದಿದರೆ ಎಲ್ಲರೂ ಫೋನ್ ನೋಡಲು ಶುರು ಮಾಡುತ್ತಾರೆ. ಅದನ್ನು ನಾನೇ ಕನ್ನಡಕ್ಕೆ ತಿರುಗಿಸಿ, ಅರ್ಧ ಕತ್ತರಿಸಿ ಹೇಳಬೇಕು. ಎಷ್ಟು ದುಡ್ಡು ಕೊಟ್ಟರೂ ಈ ಕೆಲಸ ಯಾವ ಪ್ಯಾಕ್‌ನಲ್ಲೂ ಬರುವುದಿಲ್ಲ.

ಹಾಗಂತ ಎಲ್ಲವೂ ದಂಡ ಅಂತ ನಾನು ಹೇಳುವುದಿಲ್ಲ. ಆಟದ ಕಂಪನಿಯೇ ನಿಂತು, ಒಂದೇ ತಾಣಕ್ಕೆ ಅಂತ ಮಾಡಿಸಿದ ಅಡ್ವೆಂಚರ್‌ಗಳು ಬೇರೆ ಲೋಕ. ಫೌಂಡ್ರಿಗೆ ಬಂದಿರುವ ಪಾತ್‌ಫೈಂಡರ್ (ಇದೇ ಬಗೆಯ ಇನ್ನೊಂದು ಆಟ) ಅಡ್ವೆಂಚರ್‌ಗಳಲ್ಲಿ ಗೋಡೆ, ಬೆಳಕು, ರಾಕ್ಷಸರ ಲೆಕ್ಕ ಎಲ್ಲ ತುಂಬಿ ಕೊಟ್ಟಿರುತ್ತಾರೆ. ಪಾತ್‌ಫೈಂಡರ್ ನಿಯಮಗಳು ಆರ್ಕೈವ್ಸ್ ಆಫ್ ನೆಥಿಸ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಹಾಗಾಗಿ ನಿಯಮದ ಪುಸ್ತಕಕ್ಕೆ ಬೇರೆ ದುಡ್ಡು ಬೇಡ. ಕೆಲಸ, ಮನೆ, ಮಕ್ಕಳ ಮಧ್ಯೆ ವಾರಕ್ಕೊಮ್ಮೆ ಆಡಿಸುವವರಿಗೆ ಇಂಥದ್ದು ಕೊಟ್ಟ ದುಡ್ಡಿಗೆ ಮೋಸವಿಲ್ಲ. ಒಂದೆರಡು ಸಂಜೆಯಲ್ಲಿ ಮುಗಿಯುವ ಚಿಕ್ಕ ಅಡ್ವೆಂಚರ್ ಆದರೆ ಇನ್ನೂ ಒಳ್ಳೆಯದು. ಪೂರ್ತಿ ಓದಿ ಮುಗಿಸಬಹುದು, ಕೆಟ್ಟದಾಗಿದ್ದರೂ ನಷ್ಟ ಕಡಿಮೆ.

ಆದರೆ ಅಲ್ಲೂ ಬೇರೆ ಖರ್ಚು ಇಣುಕುತ್ತದೆ. ಫೌಂಡ್ರಿಯನ್ನು ಡಿಎಂ ಒಬ್ಬರು ಒಮ್ಮೆ ಕೊಂಡರೆ ಸಾಕು, ಉಳಿದವರು ಬ್ರೌಸರಿನಲ್ಲಿ ಬರಬಹುದು. ಆದರೆ ಅದು ನಿಮ್ಮದೇ ಕಂಪ್ಯೂಟರಿನಲ್ಲಿ ಓಡುತ್ತದೆ. ಇಲ್ಲಿನ ಎಷ್ಟೋ ಬ್ರಾಡ್‌ಬ್ಯಾಂಡ್ ಕನೆಕ್ಷನ್‌ಗಳಲ್ಲಿ ಸ್ವಂತ ಪಬ್ಲಿಕ್ ಐಪಿ (ಹೊರಗಿನವರು ನಿಮ್ಮನ್ನು ತಲುಪುವ ಇಂಟರ್‌ನೆಟ್ ವಿಳಾಸ) ಕೊಡುವುದಿಲ್ಲ, ಅನೇಕ ಮನೆಗಳು ಒಂದೇ ವಿಳಾಸ ಹಂಚಿಕೊಂಡಿರುತ್ತವೆ. ಹಾಗಿದ್ದರೆ ರೌಟರಿನಲ್ಲಿ ಪೋರ್ಟ್ ತೆರೆದರೂ ಹೊರಗಿನವರು ಒಳಗೆ ಬರಲಾರರು. ಸಾಮಾನ್ಯವಾಗಿ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಸ್ವಂತ ವಿಳಾಸ, ಕೊಳ್ಳಬೇಕು, ಇಲ್ಲವೇ ಎಲ್ಲಾದರೂ ಹೋಸ್ಟಿಂಗ್ ಬಾಡಿಗೆಗೆ ಹಿಡಿಯಬೇಕು. ರೋಲ್20ಯಲ್ಲಿ ಈ ತಾಪತ್ರಯ ಇಲ್ಲ, ಆದರೆ ಆಗ ಹೇಳಿದ ಗೋಡೆ-ಬೆಳಕಿನ ಸೌಲಭ್ಯ ಬೇಕಾದರೆ ಚಂದಾ ಕಟ್ಟಬೇಕು. ಚಂದಾ ಅಂದ ಕೂಡಲೇ ಕಾರ್ಡಿನ ರಗಳೆ. 2021ರ ಅಕ್ಟೋಬರ್‌ನಿಂದ ತಾನಾಗಿ ಕಡಿತವಾಗುವ ಕಂತುಗಳಿಗೆ ರಿಸರ್ವ್ ಬ್ಯಾಂಕಿನ ನಿಯಮ ಬಿಗಿಯಾಗಿದೆ. ಮೊದಲೇ ಒಟಿಪಿ ಕೊಟ್ಟು ಒಪ್ಪಿಗೆ ನೋಂದಾಯಿಸಿರಬೇಕು. ಆ ವ್ಯವಸ್ಥೆ ಇಟ್ಟುಕೊಳ್ಳದ ವಿದೇಶಿ ತಾಣಗಳ ಕಂತು ಮಧ್ಯದಲ್ಲೇ ನಿಲ್ಲುತ್ತದೆ. ನಿಯಮ ನಮ್ಮ ದುಡ್ಡು ಕಾಯಲಿಕ್ಕೇ ಮಾಡಿದ್ದು, ಬೇಡ ಅನ್ನುತ್ತಿಲ್ಲ. ಚಂದಾ ನಂಬಿಕೊಂಡು ವರ್ಷಗಟ್ಟಲೆಯ ಕ್ಯಾಂಪೇನ್ ಕೊಳ್ಳುವ ಮುಂಚೆ ಇದು ನೆನಪಿರಲಿ.

ಇನ್ನೊಂದು ಮಾತು. ಒಂದು ತಾಣದಲ್ಲಿ ಕೊಂಡದ್ದು ಇನ್ನೊಂದಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ಅದೇ ಕಥೆಯನ್ನು ಮೂರು ಕಡೆ ಮೂರು ಸಲ ಕೊಂಡವರನ್ನು ನೋಡಿದ್ದೇನೆ. ಕೊಂಡದ್ದೂ ಪೂರ್ತಿ ನಮ್ಮದಲ್ಲ, ಬಳಸುವ ಅನುಮತಿ ಅಷ್ಟೇ. 2024ರ ಆಗಸ್ಟ್‌ನಲ್ಲಿ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪುಸ್ತಕಗಳನ್ನು ಡಿಜಿಟಲ್ ಆಗಿ ಮಾರುವ ಡಿ ಅಂಡ್ ಡಿ ಬಿಯಾಂಡ್ ತಾಣ, ಹೊಸ ಆವೃತ್ತಿ ಬರುತ್ತಿದೆ ಅಂತ ಜನ ಆಗಲೇ ಬಳಸುತ್ತಿದ್ದ ಹಳೆಯ ಮಂತ್ರಗಳನ್ನು ಪಾತ್ರಗಳ ಹಾಳೆಯಲ್ಲಿ ಹೊಸದಕ್ಕೆ ಬದಲಾಯಿಸುವುದಾಗಿ ಹೇಳಿತು. ಜನ ರೇಗಿದ ಮೇಲೆ ಕೆಲವೇ ದಿನದಲ್ಲಿ ಹಿಂದೆ ಸರಿಯಿತು. ಕಪಾಟಿನಲ್ಲಿರುವ ಪುಸ್ತಕವನ್ನು ಯಾರೂ ರಾತ್ರೋರಾತ್ರಿ ಬಂದು ತಿದ್ದಲಾರರು. ಫೌಂಡ್ರಿಯಲ್ಲಂತೂ ದೊಡ್ಡ ಅಪ್‌ಡೇಟ್ ಬಂದಾಗ ಹಳೆಯ ಮಾಡ್ಯೂಲ್ (ಅದರೊಳಗೆ ಸೇರಿಸಿಕೊಳ್ಳುವ ಪ್ಯಾಕ್) ಕೆಡುವುದು ಹೊಸದೇನಲ್ಲ. ಮಾಡಿದವರು ಆಸಕ್ತಿ ಕಳೆದುಕೊಂಡಿದ್ದರೆ ನೀವು ಹಳೆಯ ಆವೃತ್ತಿಯಲ್ಲೇ ಕೂತಿರಬೇಕು.

ಸೇಲ್ ಬಂದಾಗ ಮೊದಲು ಮಾರುವವರಿಗೆ ಒಂದು ಮೆಸೇಜ್ ಹಾಕಿ. ಎಲ್ಲ ಮ್ಯಾಪಿಗೂ ಗೋಡೆ ಹಾಕಿದೆಯಾ, ಟೋಕನ್ ಒಳಗೆ ಲೆಕ್ಕ ತುಂಬಿದೆಯಾ, ಯಾವ ಆವೃತ್ತಿಗೆ ಮಾಡಿದ್ದು, ಕಡೆಯ ಅಪ್‌ಡೇಟ್ ಯಾವಾಗ, ಬೇರೆ ಯಾವ ಪುಸ್ತಕ ಕೊಂಡಿರಬೇಕು ಅಂತ ಕೇಳಿ. ಕೊನೆಯ ಅಧ್ಯಾಯದ ಯಾವುದಾದರೂ ಮ್ಯಾಪನ್ನು ತಾಣದೊಳಗೆ ತೆರೆದ ಸ್ಕ್ರೀನ್‌ಶಾಟ್ ಕಳಿಸಲು ಹೇಳಿ. ಮೊದಲ ಅಧ್ಯಾಯದ್ದು ಬೇಡ, ಅದನ್ನು ಎಲ್ಲರೂ ಚೆನ್ನಾಗಿಯೇ ಮಾಡಿರುತ್ತಾರೆ. ವಿಮರ್ಶೆ ಓದುವಾಗ ಕೊಂಡ ದಿನವೇ ಐದು ಸ್ಟಾರ್ ಕೊಟ್ಟವರನ್ನು ಬಿಟ್ಟು, ಆಡಿ ಮುಗಿಸಿದವರು ಏನು ಬರೆದಿದ್ದಾರೆ ಹುಡುಕಿ. ಸೇಲ್ ಮುಗಿಯುವುದರೊಳಗೆ ಉತ್ತರ ಬರದಿದ್ದರೆ ಸುಮ್ನೆ ಬಿಟ್ಟುಬಿಡಿ. ಇಂಥ ಬಂಡಲ್‌ಗಳು ಮುಂದಿನ ಸೇಲ್‌ನಲ್ಲೂ ಇದೇ ಬೆಲೆಗೆ ಬರುತ್ತವೆ.