ಕ್ರೌನ್ ಆಯಿಲ್‌ಗೆ ಮಿಸ್ತ್ರಿ ಬೆರಳಾ, ಮ್ಯಾಗ್ನೆಟ್ಟಾ, ಲ್ಯಾಬ್ ರಿಪೋರ್ಟಾ? ಎರಡು ಗಾಡಿ ಮೇಲೆ ಮಾಡಿ ನೋಡಿದ್ದು

ನಂದು ಆರು ಚಕ್ರದ ಗಾಡಿ ಎರಡು. ಒಂದು ಕುಮಟಾ ಕಡೆಯಿಂದ ದೇವಿಮನೆ ಘಾಟಿ ಹತ್ತಿ ಶಿರಸಿಗೆ ಚಿರೆಕಲ್ಲು ಹೊಡೀತದೆ, ಇನ್ನೊಂದು ಅಂಕೋಲಾ, ಅರಬೈಲು, ಯಲ್ಲಾಪುರ, ಹುಬ್ಬಳ್ಳಿ ಲೈನು. ಕ್ರೌನ್ ಆಯಿಲ್ ಅಂದ್ರೆ ಹಿಂದಿನ ಆಕ್ಸಲ್ ಮಧ್ಯದ ಹೌಸಿಂಗ್ ಒಳಗೆ ಕ್ರೌನ್, ಪಿನಿಯನ್ ಅನ್ನೋ ಗೇರ್‌ಗೆ ಹಾಕೋ ಆಯಿಲ್. ಅದ್ರ ವಿಷ್ಯದಲ್ಲಿ ನಮ್ಮಲ್ಲಿ ಮೊದ್ಲು ಒಂದೇ ಲೆಕ್ಕ, 40,000 ಕಿಲೋಮೀಟರ್ ಆಯ್ತಾ, ಡ್ರೈನ್ ಬೋಲ್ಟ್ ಬಿಚ್ಚು, ಹಳೇದು ಇಳಿಸು, ಹೊಸ 85ಡಬ್ಲ್ಯೂ-140 ದಪ್ಪದ ಆಯಿಲ್ ಹೊಯ್ಯಿ, ಮುಗೀತು. ಹಾಗೆ ಬದಲಿ ಮಾಡಿ ಮೂರೇ ತಿಂಗಳಿಗೆ ಚಿರೆಕಲ್ಲಿನ ಗಾಡಿ ಮಳೆಯಲ್ಲಿ ಘಾಟಿ ಮಧ್ಯ ಲೋಡ್ ಸಮೇತ ನಿಂತೋಯ್ತು. ಪಿನಿಯನ್ ಬೇರಿಂಗ್ ಪುಡಿ, ಕ್ರೌನ್ ಪಿನಿಯನ್ ಸೆಟ್ಟೇ ಹಾಕ್ಬೇಕಾಯ್ತು. ಹೊಸ ಆಯಿಲ್ ಹಾಕಿದ್ದು ಗಾಡಿಗಲ್ಲ, ನನ್ನ ಸಮಾಧಾನಕ್ಕೆ ಅಂತ ಅವತ್ತು ಗೊತ್ತಾಯ್ತು. ಅದಾದ್ಮೇಲೆ ಒಂದೂವರೆ ವರ್ಷ ಮೂರೂ ದಾರಿ ಒಟ್ಟಿಗೆ ನಡೆಸಿ ನೋಡ್ದೆ.

ಮಿಸ್ತ್ರಿ ಬೆರಳು ಪುಕ್ಕಟೆ. ಹೆಬ್ಬೆರಳು ತೋರುಬೆರಳ ಮಧ್ಯ ಎರಡು ಹನಿ ತಿಕ್ಕಿ, ಮೂಸಿ, "ಒಳ್ಳೇದದೆ ತಮಾ, ಇನ್ನೂ ಓಡ್ತದೆ" ಅಂತ ಹೇಳ್ತ್ರು. ಕರಕರ ಅಂದ್ರೆ ಬೆರಳಿಗೆ ಸಿಕ್ತದೆ, ಹಾಲು ಬೆರೆಸಿದ ಚಾದ ಬಣ್ಣ ಬಂದ್ರೆ ನೀರು ಅಂತ ಕಣ್ಣಿಗೆ ಸಿಕ್ತದೆ, ಸುಟ್ಟ ವಾಸನೆನೂ ಗೊತ್ತಾಗ್ತದೆ. ಆದ್ರೆ ಕ್ರೌನಿಗೆ ಹಾಕೋ ಜಿಎಲ್-5 ದರ್ಜೆ ಆಯಿಲ್ ಹೊಸದಿದ್ದಾಗಲೇ ಗಂಧಕದ ನಾತ ಹೊಡೀತದೆ, ಅದ್ರಲ್ಲಿ ಗಂಧಕ ರಂಜಕದ ಮದ್ದು ಬೆರೆಸಿಯೇ ಇರ್ತಾರೆ, ಹಾಗಾಗಿ ನಾತ ನೋಡಿ ಹೆದರಿ ಇಳಿಸೋದು ದಂಡ. ಮತ್ತೆ ಬೆರಳಿಗೆ ಸಿಗೋ ಹೊತ್ತಿಗೆ ಕೆಲ್ಸ ಅರ್ಧ ಕೆಟ್ಟಿರ್ತದೆ.

ಮ್ಯಾಗ್ನೆಟ್ ಇರೋ ಡ್ರೈನ್ ಬೋಲ್ಟ್ ನಂಗೆ ಬಾಳ ಸೇರಿತು. ಬಿಚ್ಚಿದಾಗ ಬೂದು ಬಣ್ಣದ ಕಾಡಿಗೆ ತರ ಮೆತ್ತಗೆ ಅಂಟಿದ್ರೆ ಹೆದರೋದು ಬೇಡ, ಗೇರ್ ಹಲ್ಲು ತಿಕ್ಕಿ ಬರೋ ಮಾಮೂಲಿ ಸವೆತ ಅದು, ಹೊಸ ಸೆಟ್ ಹಾಕಿದ್ರಂತೂ ಮೊದಲ್ನೇ ಸಲ ಜಾಸ್ತಿನೇ ಬರ್ತದೆ. ಚಕ್ಕೆ, ಸೂಜಿ ತರದ್ದು ಸಿಕ್ತೋ, ಗಾಡಿ ನಿಲ್ಸಿ. ಕ್ರೌನ್ ಒಳಗಿನ ಸಣ್ಣ ಸ್ಟಾರ್ ಗೇರ್ ಹಿಂದಿನ ಹಿತ್ತಾಳೆ ಬಣ್ಣದ ವಾಷರ್ ಸವೆದ್ರೆ ಮಾತ್ರ ಮ್ಯಾಗ್ನೆಟ್‌ಗೆ ಸುದ್ದಿನೇ ಇಲ್ಲ.

ಇನ್ನು ಲ್ಯಾಬು. ಊರಲ್ಲಿಲ್ಲ, ಕುರಿಯರ್ ಮಾಡ್ಬೇಕು, ರಿಪೋರ್ಟ್ ಬರೋಕೆ ವಾರದ ಮೇಲೆ. ಮೊದಲ್ನೇ ಸ್ಯಾಂಪಲ್ ನಾನೇ ಹಾಳು ಮಾಡ್ದೆ, ರಾತ್ರಿ ಪೂರ್ತಿ ನಿಂತ ಗಾಡಿಯ ಡ್ರೈನಿಂದ ಮೊದ್ಲು ಬಿದ್ದ ಗಸಿಯನ್ನೇ ನೀರಿನ ಬಾಟ್ಲಿಗೆ ತುಂಬಿ ಕಳ್ಸಿದ್ದೆ, ಅದ್ರಲ್ಲಿ ಲೋಕದ ಕೊಳೆ ಎಲ್ಲ ಬಂತು. ಈಗ ಗಾಡಿ ಓಡಿ ಬಂದು ಹೌಸಿಂಗ್ ಬಿಸಿ ಇರೋವಾಗಲೇ, ಮೇಲಿನ ಫಿಲ್ಲರ್ ತೂತಿಂದ ಹೊಸ ಪೈಪ್ ಬಿಟ್ಟು, ಮಧ್ಯದ ಆಯಿಲ್ ಎಳೀತೆ, ಅವರೇ ಕೊಟ್ಟ ಬಾಟ್ಲಿಗೆ. ಇಂಜಿನ್ ತರ ಹೌಸಿಂಗ್‌ಗೆ ಫಿಲ್ಟರ್ ಇಲ್ಲ, ಸವೆದ ಕಬ್ಬಿಣ ಒಳಗೇ ಸೇರ್ತಾ ಹೋಗ್ತದೆ, ಹಾಗಾಗಿ ಬರೀ ಪಿಪಿಎಂ (ಹತ್ತು ಲಕ್ಷ ಭಾಗ ಆಯಿಲಲ್ಲಿ ಎಷ್ಟು ಭಾಗ ಅನ್ನೋ ಲೆಕ್ಕ) ನೋಡಿದ್ರೆ ಉಪಯೋಗ ಇಲ್ಲ, ಎಷ್ಟು ಕಿಲೋಮೀಟರ್‌ಗೆ ಎಷ್ಟು ಅಂತ ಭಾಗಿಸಿ ಹಿಂದಿನ ರಿಪೋರ್ಟ್ ಪಕ್ಕ ಇಟ್ಟು ನೋಡ್ಬೇಕು.

ಚಿರೆಕಲ್ಲಿನ ಗಾಡಿಯ ಎರಡನೇ ರಿಪೋರ್ಟಲ್ಲಿ 18,000 ಕಿಲೋಮೀಟರ್‌ಗೆ ಕಬ್ಬಿಣ 410 ಪಿಪಿಎಂ, ಕೆಳಗೆ ಕೆಂಪು ಅಕ್ಷರದಲ್ಲಿ ಸವೆತ ಜಾಸ್ತಿ ಅಂತ. ನಂಗೆ ಕೈಕಾಲು ತಣ್ಣಗೆ. ಮಿಸ್ತ್ರಿ ಮ್ಯಾಗ್ನೆಟ್ ತೋರಿಸಿದ್ರು, ಬರೀ ಕಾಡಿಗೆ. "ಬೆರಳಿಗೆ ಗೊತ್ತಾಗದ್ದು ಕಾಗದಕ್ಕೆ ಎಂತ ಗೊತ್ತಾಗ್ತದೆ ತಮಾ?" ಅಂದ್ರು. ರಿಪೋರ್ಟ್ ಇನ್ನೊಂದ್ಸಲ ಓದಿದ್ರೆ ಅಲ್ಯೂಮಿನಿಯಂ 48, ಸಿಲಿಕಾನ್‌ನೂ ಏರಿದೆ, ಆದ್ರೆ ದೊಡ್ಡ ಕಬ್ಬಿಣದ ಚೂರು ಅಳೆಯೋ ಪಿಕ್ಯೂ ಅನ್ನೋ ನಂಬರ್ ಮಾತ್ರ ಕಮ್ಮಿ. ಆಗ ತಲೆಗೆ ಬಂತು, ಚಿರೆಕಲ್ಲು ಅಂದ್ರೆ ಮತ್ತೆಂತ, ಕಬ್ಬಿಣ ಅಲ್ಯೂಮಿನಿಯಂ ತುಂಬಿದ ಕೆಂಪು ಮಣ್ಣೇ ತಾನೆ, ಅದು ತುಕ್ಕಿನ ಜಾತಿ ಕಬ್ಬಿಣ, ಮ್ಯಾಗ್ನೆಟ್‌ಗೆ ಸರಿಯಾಗಿ ಅಂಟೂದಿಲ್ಲ, ಪಿಕ್ಯೂ ಏರ್ಸೂದಿಲ್ಲ. ಹೌಸಿಂಗ್ ಮೇಲಿನ ಬ್ರೀದರ್, ಅಂದ್ರೆ ಗಾಳಿ ಆಡೋ ತೂತು, ನೋಡಿದ್ರೆ ಕ್ಯಾಪೇ ಇಲ್ಲ! ಕ್ವಾರಿ ಧೂಳು ಸೀದಾ ಒಳಗೆ. ಬ್ರೀದರ್ ಬದಲಿ ಮಾಡಿ, ಪೈಪ್ ಕೊಟ್ಟು ಚಾಸಿ ಮಟ್ಟಕ್ಕೆ ಎತ್ತಿ, ಆಯಿಲ್ ಬದಲಿ ಮಾಡಿದೆ. ಮುಂದಿನ ಸಲ 15,000ಕ್ಕೆ ಕಬ್ಬಿಣ 140, ಅಲ್ಯೂಮಿನಿಯಂ 9. ಇಲ್ಲಿ ಕಾಗದ ಗೆದ್ದಿದ್ದೂ ಹೌದು, ಕಾಗದದ ಕೆಳಗಿನ ಕೆಂಪು ಅಕ್ಷರ ಸೋತಿದ್ದೂ ಹೌದು. ಅದನ್ನೊಂದೇ ನಂಬಿ ಹೌಸಿಂಗ್ ಬಿಚ್ಚಿದ್ರೆ ಲೇಬರ್ ಚಾರ್ಜ್ ನೀರಲ್ಲಿ ಹೋಮ.

ಹುಬ್ಬಳ್ಳಿ ಲೈನಿನ ಗಾಡಿ ಇದಕ್ಕೆ ಪೂರ್ತಿ ಉಲ್ಟಾ. ಕಬ್ಬಿಣ 190, ಎಲ್ಲ ನಾರ್ಮಲ್ ಅಂತ ರಿಪೋರ್ಟ್, ನಾನು ಆರಾಮಾಗಿದ್ದೆ. ಅದೇ ವಾರ ಮ್ಯಾಗ್ನೆಟ್ ಮೇಲೆ ಉಗುರಿನ ತುದಿ ತರದ್ದೊಂದು ಹೊಳೆಯೋ ಚಕ್ಕೆ. ಬಿಚ್ಚಿದ್ರೆ ಪಿನಿಯನ್ ಬೇರಿಂಗ್ ರೋಲರ್ ಮೇಲೆ ಗುಳಿ ಬಿದ್ದಿತ್ತು, ಕ್ರೌನ್ ಹಲ್ಲಿಗೆ ಎಂತ ಆಗಿರ್ಲಿಲ್ಲ, ಬೇರಿಂಗಲ್ಲೇ ಮುಗೀತು. ಪಿಪಿಎಂ ಅಳೆಯೋ ಮಷಿನ್‌ಗೆ 5ರಿಂದ 8 ಮೈಕ್ರಾನ್‌ಗಿಂತ ದೊಡ್ಡ ಚೂರು ಸರಿಯಾಗಿ ಕಾಣೂದೇ ಇಲ್ಲ, ಮತ್ತೆ ನಾನು ದುಡ್ಡುಳಿಸೋಕೆ ಆ ಸಲ ಪಿಕ್ಯೂ ಬೇಡ ಅಂದಿದ್ದೆ. ತಪ್ಪು ನಂದೇ. ಬೇರಿಂಗ್ ಹಾಕಿದ್ಮೇಲಿನ ರಿಪೋರ್ಟಲ್ಲಿ ಸಿಲಿಕಾನ್ ಏರಿತ್ತು, ಅಲ್ಯೂಮಿನಿಯಂ ಏರಿರ್ಲಿಲ್ಲ. ಮಣ್ಣಾದ್ರೆ ಎರಡೂ ಒಟ್ಟಿಗೆ ಏರ್ಬೇಕು. ಅದು ಮಣ್ಣಲ್ಲ, ಮಿಸ್ತ್ರಿ ಹೌಸಿಂಗ್ ಮುಚ್ಚೋವಾಗ ಧಾರಾಳವಾಗಿ ಬಳಿದ ಸಿಲಿಕಾನ್ ಪೇಸ್ಟು.

ನೀರಿಗೆ ಲ್ಯಾಬ್ ತನಕ ಕಾಯ್ಬೇಡಿ ಮಾರಾಯ್ರೆ. ಘಾಟಿ ಇಳಿದು ಬಿಸಿಯಾದ ಹೌಸಿಂಗ್ ರಸ್ತೆ ಮೇಲಿನ ನೆರೆ ನೀರಿಗೆ ಇಳಿದ್ರೆ ಒಳಗಿನ ಗಾಳಿ ಕುಗ್ಗಿ ಬ್ರೀದರಿಂದಲೋ ಸೀಲಿಂದಲೋ ನೀರು ಎಳ್ಕೊಳ್ತದೆ. ಒಂದು ಹಳೇ ತವಾ ಕಾಯಿಸಿ ಹನಿ ಬಿಡಿ, ಚಟಪಟ ಅಂದ್ರೆ ನೀರಿದೆ. ಮುಖ ದೂರ ಇಟ್ಕೊಳ್ಳಿ, ಮತ್ತೆ ಆ ತವಾ ಅಡುಗೆಮನೆಗೆ ವಾಪಸ್ ಬೇಡ, ನಮ್ಮನೇಲಿ ಆ ವಿಷ್ಯಕ್ಕೆ ಎರಡು ದಿನ ಮಾತಿಲ್ಲ.

ಖರ್ಚಿನ ಲೆಕ್ಕ ಹೇಳೋದಾದ್ರೆ, ನಮ್ಮಂಥ ಎರಡು ಗಾಡಿಯವ್ರಿಗೆ ಆಯಿಲ್ ಉಳೀತದೆ ಅಂತ ಲ್ಯಾಬಿಗೆ ಹೋದ್ರೆ ನಷ್ಟವೇ, ಎರಡು ಮೂರು ಟೆಸ್ಟ್ ದುಡ್ಡಲ್ಲಿ ಹೌಸಿಂಗ್ ತುಂಬ ಹೊಸ ಆಯಿಲ್ ಬಂದ್ಬಿಡ್ತದೆ. ಒಳಗೆ ಎಂತ ನಡೀತಿದೆ ಅಂತ ಬಿಚ್ಚದೇ ತಿಳ್ಕೊಳ್ಳೋಕೆ ಕೊಡೋ ದುಡ್ಡು ಅದು. ನಾನೀಗ ಮ್ಯಾಗ್ನೆಟ್ ಬೋಲ್ಟ್ ಎರಡೂ ಗಾಡಿಗೆ ಹಾಕಿದ್ದೇನೆ, ಲ್ಯಾಬಿಗೆ ವರ್ಷಕ್ಕೆ ಎರಡೇ ಸಲ, ಮಳೆಗಾಲಕ್ಕೆ ಮೊದ್ಲು ಒಂದು, ಮಳೆ ಮುಗಿದ್ಮೇಲೆ ಒಂದು, ಪಿಕ್ಯೂ ಸೇರ್ಸಿಯೇ. ಹುಬ್ಬಳ್ಳಿ ಗಾಡಿಯಲ್ಲಿ ಈ ಸಲ ತಾಮ್ರ ಸ್ವಲ್ಪ ಏರಿದೆ, ಸ್ಟಾರ್ ಗೇರ್ ವಾಷರ್ ಇರ್ಬೇಕು ಅಂತ ನಂಗೆ, "ಸುಮ್ನಿರು ತಮಾ" ಅಂತ ಮಿಸ್ತ್ರಿ. ದೀಪಾವಳಿ ಕಳೆದ್ಮೇಲೆ ಮುಂದಿನ ಬಾಟ್ಲಿ ಕಳಿಸ್ತೇನೆ.