ಎರೆಮಣ್ಣಿನ ಮೇಲಿನ ಮನೆ: ಬಿರುಕು ಮುಚ್ಚಿಸುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಿ

ಹುಬ್ಬಳ್ಳಿಯಿಂದ ಗದಗ ರಸ್ತೆಯ ಕಡೆಗೆ, ಅಣ್ಣಿಗೇರಿ, ನವಲಗುಂದಗಳ ದಿಕ್ಕಿಗೆ ಊರು ಬೆಳೆಯುತ್ತಿರುವಲ್ಲಿ ಎನ್‌.ಎ. (ಕೃಷಿಯೇತರ) ಪ್ಲಾಟು ಕೊಂಡು ಮನೆ ಕಟ್ಟಿಸಲು ಹೊರಟವರೂ, ಕಟ್ಟಿಸಿದ ಮನೆಯ ಗೋಡೆ ಬಿರಿದು ರಿಪೇರಿಯವರನ್ನು ಹುಡುಕುತ್ತಿರುವವರೂ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಗೆ ಎರಡು ಸಲ ಹಾನಿಯಾಯಿತು. ಮೊದಲನೆಯದು ಕಟ್ಟುವಾಗ, ಎರಡನೆಯದು ರಿಪೇರಿ ಮಾಡುವಾಗ. ಹೆಚ್ಚು ದುಬಾರಿಯಾದದ್ದು ಎರಡನೆಯದೇ. ಕೆಲಸ ಮಾಡಿದವರ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಏಕೆಂದರೆ ಅವರು ಮಾಡಿದ್ದನ್ನೇ ಈ ಭಾಗದಲ್ಲಿ ಇನ್ನೂ ಅನೇಕರು ದಿನವೂ ಮಾಡುತ್ತಿದ್ದಾರೆ.

ಧಾರವಾಡದ ಪಶ್ಚಿಮಕ್ಕೆ ಮಲೆನಾಡಿನ ಸೆರಗಿನ ಮಸಾರಿ, ಅಂದರೆ ಕೆಂಪು ಮಣ್ಣು. ಹುಬ್ಬಳ್ಳಿ ದಾಟಿ ಪೂರ್ವಕ್ಕೆ ಹೋದಂತೆ ಹತ್ತಿ, ಕಡಲೆ, ಬಿಳಿಜೋಳ ಬೆಳೆಯುವ ಎರೆ, ಅಂದರೆ ಕಪ್ಪು ಜೇಡಿ ಮಣ್ಣು. ಒಂದೇ ತಾಲ್ಲೂಕಿನೊಳಗೆ, ಕೆಲವೊಮ್ಮೆ ಒಂದೇ ಬಡಾವಣೆಯೊಳಗೆ ಮಣ್ಣು ಬದಲಾಗುವುದರಿಂದ ಧಾರವಾಡದ ಗುಡ್ಡದ ಮೇಲೆ ಚೆನ್ನಾಗಿ ನಿಂತ ಪಾಯ ಇಲ್ಲಿಯೂ ನಿಲ್ಲುತ್ತದೆ ಎನ್ನುವ ಲೆಕ್ಕ ತಪ್ಪುತ್ತದೆ. ಎರೆಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೆಚ್ಚಾಗಿರುತ್ತದೆ. ಅದರ ಪದರಗಳ ನಡುವೆ ನೀರು ಸೇರಿದಾಗ ಮಣ್ಣು ಉಬ್ಬುತ್ತದೆ, ಆರಿದಾಗ ಕುಗ್ಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಹೊಲದಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕು ಬಿಡುವ ಭೂಮಿಯೇ ಮಳೆಗಾಲದಲ್ಲಿ ಅವನ್ನು ತಾನಾಗಿ ಮುಚ್ಚಿಕೊಳ್ಳುವುದನ್ನು ಈ ಭಾಗದ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ಹೊಲ ಪ್ಲಾಟು ಆದ ಮೇಲೆ ಅದೇ ತಿಳಿವಳಿಕೆಯನ್ನು ಪಾಯದ ಕೆಲಸಕ್ಕೆ ತರುವವರು ಕಡಿಮೆ.

ನಮ್ಮದು ಚದರ ಅಡಿ ದರದ ಗುತ್ತಿಗೆ. ಇಂಥ ಒಪ್ಪಂದದಲ್ಲಿ ಪಾಯದ ಆಳ ಮೊದಲೇ ನಿಗದಿಯಾಗಿರುತ್ತದೆ, ಅದಕ್ಕಿಂತ ಕೆಳಗೆ ಹೋದರೆ ಖರ್ಚು ಯಾರದು ಎಂಬ ಮಾತು ಬರುತ್ತದೆ. ಆದ್ದರಿಂದ ಆಳಕ್ಕೆ ಹೋಗಬೇಕೆಂದು ಸ್ವತಃ ಹೇಳುವ ಗುತ್ತಿಗೆದಾರ ಅಪರೂಪ. ಅಗೆತ ನಡೆದದ್ದು ಬೇಸಿಗೆಯಲ್ಲಿ. ಮಣ್ಣು ಪರೀಕ್ಷೆ ಮಾಡಿಸೋಣವೇ ಎಂದು ಕೇಳಿದಾಗ ಗುತ್ತಿಗೆದಾರರು ಹಾರೆ ತರಿಸಿ ಗುಂಡಿಯ ತಳಕ್ಕೆ ಕುಕ್ಕಿ ತೋರಿಸಿದರು: "ನೋಡ್ರೀ ಸಾಹೇಬ್ರ, ಕಲ್ಲಿನಂಗ ಗಟ್ಟಿ ಐತಿ. ಹಾರಿನ ಇಳಿಯಾಂಗಿಲ್ಲ ಅಂದಮ್ಯಾಲ ಮನಿ ಹೆಂಗ ಇಳಿತೈತ್ರೀ? ನಾಕ್ ಅಡಿ ಸಾಕ್ರೀ." ಆ ಮಾತಿನಲ್ಲಿ ಸುಳ್ಳಿಲ್ಲ ಎಂಬುದೇ ಅದರ ಅಪಾಯ. ಒಣ ಎರೆ ನಿಜಕ್ಕೂ ಗಟ್ಟಿ, ಮನೆ ಇಳಿಯುವುದೂ ಇಲ್ಲ. ಆ ಸ್ಥಿತಿಯಲ್ಲಿ ಅದು ಮಾಡುವ ಕೆಲಸ ಎತ್ತುವುದು. ಬಿಸಿಲಿಗೆ ಪೂರ್ತಿ ಆರಿದ ಜೇಡಿಗೆ ಮುಂದೆ ನೀರು ಸೇರಿದಾಗ ಉಬ್ಬುವ ಶಕ್ತಿ ಅತ್ಯಂತ ಹೆಚ್ಚು. ತೋಡಿದ ಗುಂಡಿಯನ್ನು ವಾರಗಟ್ಟಲೆ ಬಿಸಿಲಿಗೆ ತೆರೆದಿಟ್ಟರೆ ತಳದಲ್ಲಿ ಬಿರುಕು ಬಿಡುತ್ತದೆ, ಆ ಬಿರುಕಿನ ಮೇಲೆಯೇ ಕಾಂಕ್ರೀಟು ಬೀಳುತ್ತದೆ. ನಮ್ಮಲ್ಲಿ ಕಲ್ಲು ಬರುವುದು ತಡವಾಗಿ ಹಾಗೆಯೇ ಆಯಿತು.

ಇದಕ್ಕಿಂತ ದೊಡ್ಡ ಅನಾಹುತ ಪಾಯದ ಮೇಲೆ, ಮನೆಯ ನೆಲದ ಕೆಳಗಿನ ಭಾಗವಾದ ಪ್ಲಿಂತ್‌ನೊಳಗೆ ನಡೆಯಿತು. ಪಾಯ ತೋಡಿದಾಗ ಬಂದ ಎರೆಯನ್ನು ಹೊರಗೆ ಸಾಗಿಸಲು ಟ್ರಾಕ್ಟರ್ ಬಾಡಿಗೆ, ಗರಸು (ಉಬ್ಬದ, ಜಲ್ಲಿ ಬೆರೆತ ಗಟ್ಟಿ ಮಣ್ಣು) ತರಿಸಲು ಮತ್ತೊಂದು ಬಾಡಿಗೆ. ಎರಡನ್ನೂ ಉಳಿಸಲು ಅದೇ ಮಣ್ಣನ್ನು ಗೋಡೆಗಳ ನಡುವೆ ತುಂಬಿ, ಮೇಲೆ ತೆಳ್ಳಗೆ ಗರಸು ಹರಡಿ ನೀರು ಹೊಡೆದರು. ಮೇಲಿನಿಂದ ನೋಡಿದವರಿಗೆ ಪೂರ್ತಿ ಗರಸೇ ತುಂಬಿದಂತೆ ಕಾಣುತ್ತಿತ್ತು. ಗೋಡೆಯ ಕೆಳಗೆ ಕೊನೆಗೆ ಗೋಡೆಯ ಮತ್ತು ಛಾವಣಿಯ ಭಾರವಾದರೂ ಇರುತ್ತದೆ. ನೆಲದ ಮೇಲೆ ಇರುವುದು ಟೈಲ್ಸು ಮತ್ತು ಅದರ ಕೆಳಗಿನ ತೆಳು ಕಾಂಕ್ರೀಟು ಮಾತ್ರ. ಉಬ್ಬುವ ಎರೆ ಅದನ್ನು ಎತ್ತುವುದಷ್ಟೇ ಅಲ್ಲ, ಪಕ್ಕಕ್ಕೂ ಒತ್ತಿ ಪ್ಲಿಂತ್ ಗೋಡೆಯನ್ನು ಹೊರಗೆ ತಳ್ಳುತ್ತದೆ.

ಮೊದಲ ಮಳೆಗಾಲದಲ್ಲಿ ಏನೂ ತೋರಲಿಲ್ಲ. ಮುಂದೆ ದೇವರ ಮನೆಯ ಬಾಗಿಲು ಚೌಕಟ್ಟಿಗೆ ಹಿಡಿಯತೊಡಗಿತು, ಹಜಾರದ ನಡುವಿನ ಟೈಲ್ಸು ಟೊಳ್ಳು ಸದ್ದು ಮಾಡಿ ಮೇಲೆದ್ದವು, ಕಿಟಕಿಯ ಮೂಲೆಗಳಿಂದ ಓರೆಯಾಗಿ ಬಿರುಕುಗಳು ಹೊರಟವು. ಕಂಪೌಂಡ್ ಗೋಡೆ ಹಗುರವಾದದ್ದರಿಂದ ಅದು ಎಲ್ಲಕ್ಕೂ ಮೊದಲು ಅಲುಗಿತು. ಬಿರುಕು ಮೇಲ್ಗಡೆ ಅಗಲವಾಗಿದ್ದು ಕೆಳಗೆ ಸಣ್ಣದಾಗುತ್ತಿದ್ದರೆ ಮನೆಯ ನಡುಭಾಗ ಏಳುತ್ತಿದೆ ಅಥವಾ ಅಂಚು ಕುಗ್ಗುತ್ತಿದೆ ಎಂದೂ, ಕೆಳಗೆ ಅಗಲವಾಗಿದ್ದರೆ ಅಂಚು ಏಳುತ್ತಿದೆ ಎಂದೂ ಸಾಮಾನ್ಯವಾಗಿ ಓದಬಹುದು. ನಮ್ಮಲ್ಲಿ ಮನೆಯ ಒಂದು ಪಾರ್ಶ್ವದ ಬಿರುಕುಗಳು ಮಾತ್ರ ಕೆಳಗೆ ಅಗಲವಾಗಿದ್ದವು. ಅಲ್ಲಿ ಏನೋ ಬೇರೆ ಇದೆ ಎಂದು ಆ ಬಿರುಕೇ ಹೇಳುತ್ತಿತ್ತು, ಆದರೆ ರಿಪೇರಿಗೆ ಬಂದವರು ಅದನ್ನು ನೋಡುವ ಗೋಜಿಗೇ ಹೋಗಲಿಲ್ಲ.

ಬಂದ ದಿನವೇ ಅವರು "ಪಾಯ ಕುಸಿದೈತ್ರೀ" ಎಂದು ತೀರ್ಪು ಕೊಟ್ಟರು. ಬಿರುಕನ್ನು ಕೊರೆದು ಸಿಮೆಂಟು ತುಂಬಿ ಗಿಲಾವು ಮಾಡಿದರು. ಅದು ಬೇಸಿಗೆಯ ಕೆಲಸ, ಮಳೆಗಾಲದಲ್ಲಿ ಪಕ್ಕದಲ್ಲಿಯೇ ಹೊಸ ಸೀಳು ಬಂತು. ಆಮೇಲೆ ಆ ಪಾರ್ಶ್ವದ ಮೂಲೆಯ ಪಾಯದ ಕೆಳಗೆ ತೋಡಿ, ದೊಡ್ಡ ಕಾಂಕ್ರೀಟು ಗಡ್ಡೆ ಹಾಕಿ ಆಧಾರ ಕೊಡುವುದಾಗಿ ಹೇಳಿ, ಪಾಯಕ್ಕೆ ಮೊದಲು ತಗುಲಿದ ಖರ್ಚನ್ನು ಮೀರಿಸುವ ಮೊತ್ತ ತೆಗೆದುಕೊಂಡರು. ತೋಡಿದ ಗುಂಡಿಗಳಲ್ಲಿ ಮಳೆನೀರು ತುಂಬಿ ನಿಂತು ನೇರವಾಗಿ ಪಾಯದಡಿಯ ಮಣ್ಣಿಗೆ ಇಳಿಯಿತು. ಕುಸಿಯದೇ ಇದ್ದ ಮನೆಗೆ ಕುಸಿತದ ಚಿಕಿತ್ಸೆ ಮಾಡಿದ ಫಲವಾಗಿ ಆ ಒಂದು ಮೂಲೆ ಹಿಡಿದು ನಿಂತಿತು, ಉಳಿದ ಮನೆ ಋತುವಿಗೆ ತಕ್ಕಂತೆ ಏರಿಳಿಯುತ್ತಲೇ ಇತ್ತು. ಎರಡರ ನಡುವಿನ ಗೋಡೆ ಬಾಗಿಲು-ಕಿಟಕಿಗಳ ಮೇಲಿನ ಲಿಂಟೆಲ್‌ನಿಂದ ಪ್ಲಿಂತ್‌ವರೆಗೆ ಬಿರಿಯಿತು. ಎರೆಮಣ್ಣಿನಲ್ಲಿ ಮನೆಯ ಒಂದು ಭಾಗಕ್ಕೆ ಮಾತ್ರ ಆಳದ ಆಧಾರ ಕೊಡುತ್ತೇವೆ ಎನ್ನುವವರಿಗೆ ಮುಂಗಡ ಕೊಡಬೇಡಿ. ಈ ಬರಹದಲ್ಲಿ ಬೇರೇನನ್ನು ಮರೆತರೂ ಇದನ್ನು ಮರೆಯಬೇಡಿ.

ನಿಜವಾದ ಕಾರಣ ಸಂಪಿನಲ್ಲಿತ್ತು. ನಮ್ಮ ಊರುಗಳ ಬಹಳಷ್ಟು ಬಡಾವಣೆಗಳಲ್ಲಿ ನಲ್ಲಿ ನೀರು ದಿನಗಟ್ಟಲೆ ಬಿಟ್ಟು ಬರುವುದರಿಂದ ಪ್ರತಿ ಮನೆಗೂ ದೊಡ್ಡ ನೆಲದಡಿಯ ಸಂಪು ಬೇಕೇ ಬೇಕು, ಜಾಗ ಉಳಿಸಲು ಅದನ್ನು ಪೋರ್ಟಿಕೋದ ಕೆಳಗೆ, ಮನೆಯ ಪಾಯಕ್ಕೆ ಅಂಟಿಸಿ ಕಟ್ಟುತ್ತಾರೆ. ಮಣ್ಣು ಅಲುಗಿದಾಗ ಸಂಪಿನ ಇಟ್ಟಿಗೆ ಗೋಡೆ ಬಿರಿಯುತ್ತದೆ, ಬಿರಿದಲ್ಲಿ ನೀರು ಸೋರುತ್ತದೆ, ಸೋರಿದ ನೀರಿಗೆ ಮಣ್ಣು ಇನ್ನಷ್ಟು ಉಬ್ಬುತ್ತದೆ, ಸಂಪು ಇನ್ನಷ್ಟು ಬಿರಿಯುತ್ತದೆ. ಬಚ್ಚಲಿನ ಪೈಪಿನ ಜೋಡಣೆಗಳಿಗೂ ಇದೇ ಗತಿ. ಪರೀಕ್ಷೆ ಸುಲಭ: ರಾತ್ರಿ ನಲ್ಲಿ ಮತ್ತು ಮೋಟಾರು ಎರಡನ್ನೂ ಬಂದ್ ಮಾಡಿ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ನೋಡಬೇಕು. ನಮ್ಮಲ್ಲಿ ಮಟ್ಟ ಕಣ್ಣಿಗೆ ಕಾಣುವಷ್ಟು ಇಳಿದಿತ್ತು. ರಿಪೇರಿಗೆ ಲಕ್ಷಗಟ್ಟಲೆ ಹೇಳಿದ ಯಾರೂ ಈ ಬಿಡಿಗಾಸಿನ ಪರೀಕ್ಷೆಯನ್ನು ಹೇಳಿರಲಿಲ್ಲ.

ಇದನ್ನು ಹೇಳಿದ್ದು ಕೊನೆಗೆ ನಾವು ಕರೆಸಿದ, ಕಟ್ಟಡ ಗುತ್ತಿಗೆ ಮಾಡದ ಒಬ್ಬ ಸಿವಿಲ್ ಎಂಜಿನಿಯರು. ಅವರು ಬಿರುಕಿಗೆ ಕೈ ಹಾಕಲಿಲ್ಲ. ಅಂಗಳದಲ್ಲಿ ಪರೀಕ್ಷಾ ಗುಂಡಿ ತೋಡಿಸಿ ಎರೆ ಎಲ್ಲಿಯವರೆಗೆ ಇದೆ, ಗರಸು ಎಲ್ಲಿ ಸಿಗುತ್ತದೆ ಎಂದು ನೋಡಿ, ಬೇರೆ ಬೇರೆ ಆಳದ ಮಣ್ಣನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಮುಕ್ತ ಉಬ್ಬುವಿಕೆಯ ಆ ಪರೀಕ್ಷೆ ಭಾರತೀಯ ಮಾನಕ (ಐಎಸ್) 2720ರ 40ನೆಯ ಭಾಗದಲ್ಲಿದೆ. 425 ಮೈಕ್ರಾನ್ ಜರಡಿಯಲ್ಲಿ ಇಳಿದ ಒಣ ಮಣ್ಣನ್ನು 10 ಗ್ರಾಮಿನಂತೆ ಎರಡು ಅಳತೆಯ ಗಾಜಿನ ಕೊಳವೆಗಳಲ್ಲಿ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಎರೆ ಉಬ್ಬುವುದಿಲ್ಲ. ಅಲ್ಲಿ 10 ಮಿಲಿಲೀಟರ್ ಇದ್ದ ಮಣ್ಣು ನೀರಿನಲ್ಲಿ 22 ಆದರೆ ಉಬ್ಬುವಿಕೆ ಶೇ 120. ಶೇ 50ರೊಳಗಿದ್ದರೆ ಚಿಂತೆ ಕಡಿಮೆ, 100 ದಾಟಿದರೆ ಸಾಮಾನ್ಯ ಪಾಯದ ಮಾತು ಬಿಡಬೇಕು. ನಮ್ಮ ಮಣ್ಣು 100 ದಾಟಿತ್ತು.

ಮೊದಲು ಸಂಪನ್ನು ಬಂದ್ ಮಾಡಿಸಿ, ಪಾಯದಿಂದ ದೂರದಲ್ಲಿ ಆರ್‌ಸಿಸಿ ಗೋಡೆಯ ಹೊಸ ಸಂಪು ಕಟ್ಟಿಸಿದರು. ಛಾವಣಿಯ ಮಳೆನೀರು ಗೋಡೆಯ ಬುಡಕ್ಕೆ ಬೀಳುತ್ತಿದ್ದದ್ದನ್ನು ಪೈಪಿನಲ್ಲಿ ರಸ್ತೆಬದಿಯ ಗಟಾರಕ್ಕೆ ಒಯ್ದರು. ಮನೆಯ ಸುತ್ತ ಸುಮಾರು 2 ಮೀಟರ್ ಅಗಲಕ್ಕೆ, ಹೊರಗಡೆಗೆ ಇಳಿಜಾರಾಗಿ, ನೀರು ಒಳಗಿಳಿಯದ ಹಾಸು ಹಾಕಿಸಿದರು. ಗೋಡೆಯ ಬುಡದಲ್ಲಿದ್ದ ಹೂವಿನ ಪಾತಿಗಳೆಲ್ಲ ಹೋದವು, ಮನೆಯವರಿಗೆ ಅದು ಇವತ್ತಿಗೂ ಬೇಸರ. ಗಿಡ ನೆಡುವುದಾದರೆ ಬೆಳೆದಾಗ ಅದೆಷ್ಟು ಎತ್ತರವಾಗುವುದೋ ಅಷ್ಟು ದೂರದಲ್ಲಿ ನೆಡಿ ಎಂದರು, ಏಕೆಂದರೆ ಬೇರು ಬೇಸಿಗೆಯಲ್ಲಿ ಮಣ್ಣಿನ ತೇವ ಹೀರಿ ಆ ಒಂದು ಪಾರ್ಶ್ವವನ್ನು ಮಾತ್ರ ಕುಗ್ಗಿಸುತ್ತದೆ. ಆಮೇಲೆ ಒಂದು ಪೂರ್ತಿ ವರ್ಷ, ಮುಂಗಾರು, ಹಿಂಗಾರು, ಬೇಸಿಗೆ ಮೂರೂ ಕಳೆಯುವವರೆಗೆ ಬೇರೆ ಕೆಲಸ ಬೇಡವೆಂದರು. ಬಿರುಕಿನ ಎರಡೂ ಬದಿಗೆ ಪೆನ್ಸಿಲ್ ಗುರುತು ಹಾಕಿ ಅಂತರವನ್ನು ತಿಂಗಳಿಗೊಮ್ಮೆ ಬರೆದಿಡುತ್ತ ಬಂದೆವು, ಕೆಲವೆಡೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿದೆವು. ಗೋಡೆ ಅಲುಗಿದರೆ ಗಾಜು ಸೀಳುತ್ತದೆ. ಗೋಡೆಯ ಅಲುಗಾಟ ಬಹಳ ಮಟ್ಟಿಗೆ ನಿಂತ ಮೇಲೆಯೇ ಹಜಾರದ ನೆಲ ಒಡೆದು, ಒಳಗಿನ ಎರೆ ತೆಗೆಸಿ, ಗರಸನ್ನು 15 ಸೆಂಟಿಮೀಟರಿನ ಪದರಗಳಲ್ಲಿ ದಮ್ಮಸು ಮಾಡಿಸಿ ಹೊಸ ನೆಲ ಹಾಕಿಸಿದ್ದು, ಗೋಡೆಯ ಸೀಳಿಗೆ ಅಡ್ಡ ಸರಳು ಕೂಡಿಸಿ ಗಿಲಾವು ಮಾಡಿಸಿದ್ದು. ಕೂದಲೆಳೆಯಷ್ಟು ಬಿರುಕು ಬೇಸಿಗೆಯಲ್ಲಿ ಇನ್ನೂ ಬರುತ್ತದೆ. ಅದು ಪೂರ್ತಿ ಹೋಗುತ್ತದೆಂದು ಅವರು ಮಾತು ಕೊಟ್ಟಿರಲಿಲ್ಲ.

ಹೊಸದಾಗಿ ಕಟ್ಟಿಸುವವರಿಗೆ ದಾರಿಗಳಿವೆ. ಎರೆಯ ಪದರ ತೆಳುವಾಗಿದ್ದು ಕೆಳಗೆ ಗಟ್ಟಿ ಗರಸು ಸಿಗುವಂತಿದ್ದರೆ ಎರೆ ದಾಟಿ ಗರಸಿನ ಮೇಲೆಯೇ ಪಾಯ ಕೂಡಿಸುವುದು ಅತ್ಯಂತ ನೇರವಾದ ಉಪಾಯ. ಎರೆ ಆಳವಾಗಿದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಢಿಗೆ ತಂದ ಅಂಡರ್‌ರೀಮ್ಡ್ ಪೈಲು ಇದೆ: ನೆಲದೊಳಗೆ ಕೊರೆದ ಕಾಂಕ್ರೀಟು ಕಂಬದ ಬುಡವನ್ನು ಕಂಬದ ವ್ಯಾಸದ ಸುಮಾರು ಎರಡೂವರೆ ಪಟ್ಟು ಅಗಲಿಸಿ, ಋತುಮಾನದ ತೇವ ಹೆಚ್ಚುಕಡಿಮೆಯಾಗದ ಆಳದಲ್ಲಿ ಅದನ್ನು ನೆಲೆಗೊಳಿಸುತ್ತಾರೆ. ಐಎಸ್ 2911ರ 3ನೆಯ ಭಾಗದ ಪ್ರಕಾರ ಆಳದ ಎರೆಯಲ್ಲಿ ಅದು ಕನಿಷ್ಠ 3.5 ಮೀಟರ್ ಇಳಿಯಬೇಕು. ಪೈಲುಗಳ ಮೇಲಿನ ಬೀಮು ಮತ್ತು ನೆಲದ ನಡುವೆ ಖಾಲಿ ಜಾಗ ಬಿಡಲೇಬೇಕು. ಪೈಲು ಹಾಕಿಸಿಯೂ ಬೀಮನ್ನು ಎರೆಯ ಮೇಲೆ ಮಲಗಿಸಿದರೆ ಉಬ್ಬಿದ ಮಣ್ಣು ಬೀಮನ್ನೇ ಎತ್ತುತ್ತದೆ, ಕೊಟ್ಟ ಹಣ ವ್ಯರ್ಥ. ಐಐಟಿ ಮುಂಬೈಯಲ್ಲಿ ಪ್ರಾಧ್ಯಾಪಕರಾಗಿದ್ದ ಆರ್.ಕೆ. ಕಟ್ಟಿಯವರು ತೋರಿಸಿದ, ಎರೆಯ ಮೇಲೆ ಸುಮಾರು 1 ಮೀಟರ್ ದಪ್ಪಕ್ಕೆ ಉಬ್ಬದ, ಆದರೆ ಅಂಟುಗುಣವುಳ್ಳ ಮಣ್ಣಿನ ಪದರ ಹಾಕುವ ವಿಧಾನವೂ ಬಳಕೆಯಲ್ಲಿದೆ. "ಮರಳು ಹಾಕಿದ್ರ ಆತ್ರೀ" ಎನ್ನುವವರ ಬಗ್ಗೆ ಮಾತ್ರ ಎಚ್ಚರವಿರಲಿ. ಮರಳು ಉಬ್ಬುವುದಿಲ್ಲ ನಿಜ, ಆದರೆ ಸುತ್ತ ಎರೆಯಿರುವ ಗುಂಡಿಗೆ ಬರೀ ಮರಳು ತುಂಬಿದರೆ ಸುತ್ತಲಿನ ನೀರೆಲ್ಲ ಅಲ್ಲಿ ಬಂದು ನಿಂತು ಪಾಯದಡಿಯ ಮಣ್ಣಿಗೆ ಇಳಿಯುತ್ತದೆ.

ಒಪ್ಪಂದಪತ್ರದಲ್ಲಿ ಪಾಯದ ಆಳವನ್ನು ಅಡಿಗಳಲ್ಲಿ ಬರೆಸದೆ ಯಾವ ಪದರದ ಮೇಲೆ ಕೂಡಬೇಕು ಎಂದು ಬರೆಸಿ, ಹೆಚ್ಚಿನ ಆಳದ ದರವನ್ನೂ ಮೊದಲೇ ಬರೆಸಿ. ತೋಡಿದ ಎರೆಯನ್ನು ಪ್ಲಿಂತ್‌ಗೆ ತುಂಬಕೂಡದು ಎಂಬ ಸಾಲು ಇರಲಿ, ತುಂಬುವ ಪ್ರತಿ ಪದರದ ಫೋಟೋ ತೆಗೆದಿಡಿ. ಹಣದ ಒಂದು ಭಾಗವನ್ನು ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಕಳೆಯುವವರೆಗೆ ತಡೆಹಿಡಿಯುವ ಷರತ್ತಿಗೆ ಒಪ್ಪದ ಗುತ್ತಿಗೆದಾರರಿಗೆ ತಮ್ಮ ಪಾಯದ ಮೇಲೆ ಎಷ್ಟು ಭರವಸೆಯಿದೆ ಎಂದು ಕೇಳುವ ಹಕ್ಕು ನಿಮಗಿದೆ. ಕಟ್ಟಿದ ಮನೆಯನ್ನೇ ಕೊಳ್ಳುವವರು ಹೊಸ ಬಣ್ಣದ ಗೋಡೆಯನ್ನು ಬಿಟ್ಟು ಕಂಪೌಂಡ್ ಗೋಡೆ, ಪೋರ್ಟಿಕೋದ ನೆಲ, ಸ್ಕರ್ಟಿಂಗ್ (ಗೋಡೆಯ ಬುಡದ ಟೈಲ್ಸು ಪಟ್ಟಿ) ಮತ್ತು ನೆಲದ ಸಂದು ನೋಡಬೇಕು, ಪ್ರತಿ ಒಳಬಾಗಿಲನ್ನೂ ಮುಚ್ಚಿ ತೆರೆಯಬೇಕು, ಬಾಗಿಲಿನ ಮೇಲಂಚನ್ನು ಇತ್ತೀಚೆಗೆ ಉಜ್ಜಿದ ಗುರುತಿದೆಯೇ ಎಂದು ಕೈಯಾಡಿಸಿ ನೋಡಬೇಕು. ಸಾಧ್ಯವಿದ್ದರೆ ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಇನ್ನೊಮ್ಮೆ.