ಮನೆ ವೈನಿಗೆ ಕಾರ್ಕೋ, ತಿರುಪಿನ ಮುಚ್ಚಳವೋ, ಕ್ಲಿಪ್ ಬಾಟಲಿಯೋ?

ಕೊಡಗಿನ ಮನೆಗಳಲ್ಲಿ ಮಾಡುವಂಥ ದ್ರಾಕ್ಷಿ, ಶುಂಠಿ ವೈನನ್ನು ಕೆಲವೇ ತಿಂಗಳಲ್ಲಿ ಕುಡಿದು ಮುಗಿಸುವವರಿಗೆ ತಿರುಪಿನ ಮುಚ್ಚಳವೇ ಸಾಕು. ಒಳಗಿನ ಪದರ ಹರಿದಿರದ ಮುಚ್ಚಳ ನೋಡಿಕೊಳ್ಳಿ, ಅಷ್ಟೇ.

ವರ್ಷಗಟ್ಟಲೆ ಇಡುವ ಆಸೆಯಿದ್ದರೆ ಕಾರ್ಕ್. ಆದರೆ ಸುಮಾರು 24 ಮಿ.ಮೀ. ದಪ್ಪದ ಕಾರ್ಕನ್ನು 18.5 ಮಿ.ಮೀ. ಕತ್ತಿನೊಳಗೆ ಅದುಮಬೇಕು. ಅದಕ್ಕೆ ಕಾರ್ಕ್ ಹಾಕುವ ಯಂತ್ರವೇ ಬೇಕು, ಸುತ್ತಿಗೆಯಿಂದ ಬಡಿಯುವ ಸಾಹಸ ಬೇಡ. ಒಂದೆರಡು ದಿನ ನಿಲ್ಲಿಸಿಟ್ಟು, ಕಾರ್ಕ್ ಒಣಗದಂತೆ ಆಮೇಲೆ ಮಲಗಿಸಬೇಕು. ಐದಾರು ಬಾಟಲಿಗೆ ಇಷ್ಟು ಖರ್ಚು ದಂಡ ಎನ್ನುವುದು ನನ್ನ ಅಭಿಪ್ರಾಯ.

ರಬ್ಬರ್ ಬಳೆಯ ಕ್ಲಿಪ್ ಬಾಟಲಿ ಇವೆರಡರ ನಡುವಿನದು. ಮತ್ತೆ ಮತ್ತೆ ಬಳಸಬಹುದು, ಬಳೆ ಮಾತ್ರ ಬದಲಿಸುತ್ತಿರಬೇಕು. ಶೋಕಿಗೆಂದು ಮಾರುವ ಚೌಕ ಬಾಟಲಿ ಒತ್ತಡ ತಾಳುವುದಿಲ್ಲ.

ನಿಜವಾದ ತಲೆನೋವು ಒತ್ತಡವೇ. ಹುದುಗು ಪೂರ್ತಿ ನಿಲ್ಲದೆ ತುಂಬಿದರೆ ಕಾರ್ಕ್ ಚಿಮ್ಮಿ ಹೋಗಬಹುದು. ಬಿಗಿಯಾದ ತಿರುಪು, ಕ್ಲಿಪ್ ಸಡಿಲವಾಗದಿದ್ದರೆ ಬಾಟಲಿಯೇ ಸಿಡಿಯಬಹುದು. ಗುಳ್ಳೆ ನಿಂತ ಮಾತ್ರಕ್ಕೆ ಹುದುಗು ಮುಗಿಯಿತೆಂದು ನಂಬಬೇಡಿ. ವೈನಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನ ಅಂಕಿ 1.000ಕ್ಕಿಂತ ಕೆಳಗಿಳಿದು ಕೆಲವು ದಿನ ಕದಲದಿರಬೇಕು. ಕೊನೆಯಲ್ಲಿ ಸಕ್ಕರೆ ಬೆರೆಸಿ ಸಿಹಿ ಮಾಡಿದ್ದರೆ ಹುದುಗು ಮತ್ತೆ ಏಳಬಹುದು, ಫ್ರಿಜ್ಜಿನಲ್ಲಿಟ್ಟು ಬೇಗ ಕುಡಿಯಿರಿ.

ಮಬ್ಬು ಯಾವ ಮುಚ್ಚಳದಿಂದಲೂ ಹೋಗದು. ಗಷ್ಟು ಕೆಳಗಿಳಿದ ಮೇಲೆ ಮೇಲಿನದನ್ನು ಮಾತ್ರ ಕೊಳವೆಯಿಂದ ಇಳಿಸಿ. ವಿನಿಗರ್ ವಾಸನೆಗೆ ಗಾಳಿ ದೊಡ್ಡ ಕಾರಣ, ಮುಚ್ಚಳದ ಕೆಳಗೆ ಎರಡು ಸೆಂ.ಮೀ. ಜಾಗ ಬಿಟ್ಟರೆ ಸಾಕು. ಒಮ್ಮೆ ಹುಳಿಯಾದದ್ದು ಅಡುಗೆಗೇ.